ರುದ್ರಾಣಿ ಅಕ್ಕನ ಕೀವಿ ಹಂದರ

ನನ್ನ ಕೈಯಲ್ಲಿ ಗಿಡ ಬದುಕುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಎಲ್ಲಾದರೂ ನಾನು ಬಳ್ಳಿಗಳ ಬಗ್ಗೆ ತಿಳಿದವಳ ಹಾಗೆ ಮಾತಾಡಿದರೆ ನೀವು ನಂಬಿಬಿಡಬಾರದು. ನಮ್ಮ ಮನೆಯ ಕಿಟಕಿಯಲ್ಲಿರುವುದು ಪ್ಲಾಸ್ಟಿಕ್ ಬಳ್ಳಿ. ಅದರ ಮೇಲಿನ ಧೂಳು ಒರೆಸುವುದಕ್ಕೂ ನನಗೆ ಪುರುಸೊತ್ತಿಲ್ಲ. ನನಗೆ ಚೆನ್ನಾಗಿ ಗೊತ್ತಿರುವುದು ರುದ್ರಾಣಿ ಅಕ್ಕನೊಬ್ಬರೇ.

ಅವರ ಪರಿಚಯವಾದದ್ದು ಸಿಡ್ನಿಯ ಬ್ಲ್ಯಾಕ್‌ಟೌನಿನಲ್ಲಿ, ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ. ಆಗ ನಾನು ದಿನಾ ರೈಲು ಹತ್ತಿ ಚಾಟ್ಸ್‌ವುಡ್‌ನ ಆಫೀಸಿಗೆ ಹೋಗುತ್ತಿದ್ದೆ. ಸ್ಟೇಷನ್ನಿನ ಪಕ್ಕದ ಆಲ್ಟರೇಷನ್ ಅಂಗಡಿಯಲ್ಲಿ ನನ್ನ ಯಜಮಾನರ ಪ್ಯಾಂಟು ಮೋಟು ಮಾಡಿಸಲು ಕೊಡುವುದಕ್ಕೆ ನಿಂತಿದ್ದಾಗ, ಒಳಗಿನಿಂದ ಯಾರೋ ಹೊಲಿಗೆ ಯಂತ್ರವನ್ನು ಅಚ್ಚ ಧಾರವಾಡದ ಕನ್ನಡದಲ್ಲಿ ಬಯ್ಯುತ್ತಿರುವುದು ಕೇಳಿಸಿತು. ಇಣುಕಿ ನೋಡಿದೆ. ಬಾಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡು, ಹಣೆಗೆ ದೊಡ್ಡ ಕುಂಕುಮವಿಟ್ಟುಕೊಂಡು ಕೂತಿದ್ದ ಹೆಂಗಸು ನನ್ನನ್ನು ನೋಡಿ ನಕ್ಕರು. ನಾನೂ ಧಾರವಾಡದವಳೆಂದು ತಿಳಿದ ಮೇಲೆ ಆ ಪ್ಯಾಂಟಿನ ಕಥೆ ಅಲ್ಲಿಗೆ ಮುಗಿಯಿತು. ಅದು ಸಿದ್ಧವಾಗುವುದಕ್ಕೆ ಎರಡು ವಾರ ಬೇಕಾಯಿತು, ಮಾತು ಮಾತ್ರ ಅವತ್ತೇ ಶುರುವಾಯಿತು.

ಬ್ಲ್ಯಾಕ್‌ಟೌನಿನ ಕನ್ನಡದ ಮನೆಗಳಲ್ಲೆಲ್ಲ ರುದ್ರಾಣಿ ಅಕ್ಕನ ಕೈಗುಣ ಪ್ರಸಿದ್ಧವಾಗಿತ್ತು. ಹೊಸ ಮನೆ ಹಿಡಿದವರು ಹಾಲು ಉಕ್ಕಿಸುವ ಮೊದಲೇ ಅವರಿಗೆ ಫೋನ್ ಮಾಡಿ ಕರಿಬೇವಿನ ಸಸಿ ನೆಡಲು ಕರೆಯುತ್ತಿದ್ದರು. ಬೇರೆಯವರು ನೆಟ್ಟ ಕರಿಬೇವು ಚಳಿಗಾಲ ಬರುವಷ್ಟರಲ್ಲಿ ಕಡ್ಡಿಯಾಗುತ್ತಿತ್ತು. ಅಕ್ಕ ನೆಟ್ಟದ್ದು ಬೇಸಿಗೆಗೆ ನೆರೆಹೊರೆಗೆಲ್ಲ ಹಂಚುವಷ್ಟು ಸೊಪ್ಪು ಕೊಡುತ್ತಿತ್ತು. ನಮ್ಮ ಮನೆಯ ಹಿತ್ತಲಿನಲ್ಲೂ ಒಂದು ಬದುಕಿತೆಂದರೆ ನೀವೇ ಲೆಕ್ಕ ಹಾಕಿ.

ಆ ಕೈಗುಣ ಅವರಿಗೆ ಎಷ್ಟು ದೊಡ್ಡದು ಎನ್ನುವುದು ನನಗೆ ತಿಳಿದದ್ದು ಸ್ವಲ್ಪ ತಡವಾಗಿ. ಅವರಿಗೆ ಮಕ್ಕಳಿರಲಿಲ್ಲ. ಊರಿನಲ್ಲಿದ್ದಾಗ ನಾದಿನಿಯ ಕುಬಸದ, ಅಂದರೆ ಸೀಮಂತದ ದಿನ, ಬಸುರಿಯ ಉಡಿ ತುಂಬಲು ಇವರೂ ಅಕ್ಕಿಯ ತಾಟಿಗೆ ಕೈ ಚಾಚಿದರಂತೆ. ಯಾರೋ ಹಿರಿಯರು ಮೆತ್ತಗೆ ಕೈ ಹಿಡಿದು, ನೀನು ಒಳಗೆ ಹೋಗಿ ಊಟದ ವ್ಯವಸ್ಥೆ ನೋಡಿಕೋ ಎಂದರಂತೆ. ಬಯ್ದಿದ್ದರೆ ಮರೆಯುತ್ತಿದ್ದೆ, ಮೆತ್ತಗೆ ಹೇಳಿದ್ದಕ್ಕೇ ಮರೆಯಲಾಗಲಿಲ್ಲ ಎಂದು ಅಕ್ಕ ಒಂದು ದಿನ ನಮ್ಮ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಾ ಹೇಳಿದರು. ಆಮೇಲೆ ತಾವೇ ನಕ್ಕರು.

"ಈಗ ನೋಡು ಮಹಾಶ್ವೇತಾ, ನನ್ನ ಕೈಯೇ ಬೇಕು ಅಂತ ಮಂದಿ ಫೋನ್ ಮಾಡಿ ಕರೀತಾರ. ನನಗ ಇನ್ನೇನು ಬೇಕ?"

ನನಗೆ ಸಿಟ್ಟು ಬೇಗ. ಆ ಹಿರಿಯರು ಯಾರೆಂದು ಹೆಸರು ಕೇಳಿದೆ. ಅಕ್ಕ ಇನ್ನೊಂದು ಬೆಳ್ಳುಳ್ಳಿ ಗಡ್ಡೆ ಕೈಗೆತ್ತಿಕೊಂಡರು.

ಅವರ ಯಜಮಾನರು ವೀರೇಂದ್ರಣ್ಣ. ಪ್ಯಾರಮಟ್ಟಾದ ದೊಡ್ಡ ಕಟ್ಟಡಗಳಲ್ಲಿ ಲಿಫ್ಟು ರಿಪೇರಿ ಮಾಡುವ ಕೆಲಸ. ದಿನವಿಡೀ ಕತ್ತಲೆಯ ಲಿಫ್ಟಿನ ಬಾವಿಯಲ್ಲಿ ಏಣಿ ಹತ್ತಿ ಇಳಿದು, ಮಾತಾಡುವ ಅಭ್ಯಾಸವನ್ನೇ ಅಲ್ಲಿ ಬಿಟ್ಟು ಬಂದವರ ಹಾಗಿದ್ದರು. ಮನೆಗೆ ಹೋದರೆ "ಬರ್ರಿ" ಎನ್ನುತ್ತಿದ್ದರು, ಹೊರಡುವಾಗ "ಹೋಗಿ ಬರ್ರಿ" ಎನ್ನುತ್ತಿದ್ದರು. ನಡುವಿನದ್ದನ್ನೆಲ್ಲ ಅಕ್ಕ ನೋಡಿಕೊಳ್ಳುತ್ತಿದ್ದರು.

ಎರಡು ಸಾವಿರದ ಎರಡರಲ್ಲಿ ಅವರಿಗೆ ಮೆಲ್ಬರ್ನಿಗೆ ವರ್ಗವಾಯಿತು. ಮರುವರ್ಷ ನನ್ನ ಕಂಪನಿಯೂ ನನ್ನನ್ನು ಅಲ್ಲಿಗೇ ಕಳಿಸಿತು. ನಾವು ಮನೆ ಹಿಡಿದದ್ದು ಅವರ ಮನೆಯಿಂದ ಎರಡು ಬೀದಿ ಆಚೆ, ಡ್ಯಾಂಡೆನಾಂಗ್ ಗುಡ್ಡದ ಬುಡದಲ್ಲಿರುವ ಬೊರೋನಿಯಾ ಎಂಬ ಸಬರ್ಬಿನಲ್ಲಿ. ಅಲ್ಲಿಯ ಚಳಿ ಬ್ಲ್ಯಾಕ್‌ಟೌನಿನ ಚಳಿಯಲ್ಲ. ಕರಿಬೇವು ಕುಂಡದಲ್ಲಿ ಕೂತು, ಮನೆಯ ಅಳಿಯನ ಹಾಗೆ ಹೀಟರಿನ ಮುಂದೆ ಬಿಸಿ ಕಾಯಿಸಿಕೊಳ್ಳುತ್ತಿತ್ತು. ಮಲ್ಲಿಗೆ ಮುನಿಸಿಕೊಂಡು ಮೊಗ್ಗನ್ನೇ ಬಿಡಲಿಲ್ಲ. ಈ ಚಳಿಯಲ್ಲಿ ಏನು ಬೆಳೆಯುತ್ತದೆಂದು ಅಕ್ಕ ಗುಡ್ಡದ ದಾರಿಯ ಒಂದು ನರ್ಸರಿಗೆ ಹೋಗಿ ಕೇಳಿದರು. ಅಲ್ಲಿಯ ಮುದುಕ ತೋರಿಸಿದ್ದು ಹಾರ್ಡಿ ಕೀವಿ. ಅಂಗಡಿಯಲ್ಲಿ ಸಿಗುವ, ಮೈಮೇಲೆ ರೋಮವಿರುವ ಕೀವಿ ಇದಲ್ಲ. ಇದರ ಹಣ್ಣು ದ್ರಾಕ್ಷಿಗಿಂತ ಸ್ವಲ್ಪ ದೊಡ್ಡದು, ಸಿಪ್ಪೆ ನುಣುಪು, ತೊಳೆದು ಇಡಿಯಾಗಿ ಬಾಯಿಗೆ ಹಾಕಿಕೊಳ್ಳಬಹುದು. ಮಂಜು ಬಿದ್ದರೂ ಬಳ್ಳಿ ಸಾಯುವುದಿಲ್ಲ. ಆದರೆ ಇದರಲ್ಲಿ ಗಂಡು ಬಳ್ಳಿಯೇ ಬೇರೆ, ಹೆಣ್ಣು ಬಳ್ಳಿಯೇ ಬೇರೆ. ಹಣ್ಣು ಬಿಡುವುದು ಹೆಣ್ಣು. ಗಂಡು ಒಂದಿದ್ದರೆ ಸಾಕು, ಆದರೆ ಇರಲೇಬೇಕು. ಅಕ್ಕ ಒಂದು ಗಂಡು, ಎರಡು ಹೆಣ್ಣು ಬಳ್ಳಿ ಹಿಡಿದುಕೊಂಡು ಬಂದರು.

ಗಂಡು ಬಳ್ಳಿಗೆ ಅಕ್ಕ ಇಟ್ಟ ಹೆಸರು ಅಳಿಯ. ನೀರು, ಗೊಬ್ಬರ ಎಲ್ಲವೂ ಅವನಿಗೆ ಸರಿಯಾದ ಹೊತ್ತಿಗೆ ಬೇಕು, ಕೆಲಸವೆಂದರೆ ಏನೂ ಇಲ್ಲ ಎನ್ನುವುದು ಅವರ ವಿವರಣೆ. ಹೆಣ್ಣು ಬಳ್ಳಿಗಳು ಅಕ್ಕ, ತಂಗಿ. ನೆಟ್ಟ ಮೊದಲ ವಾರವೇ ಪಕ್ಕದ ಮನೆಯ ಬೆಕ್ಕು ಬಂದು ತಂಗಿಯ ಎಳೆ ಚಿಗುರು ಕಡಿದು, ಅದರ ಬುಡದಲ್ಲಿ ಅಮಲು ಏರಿದವರ ಹಾಗೆ ಹೊರಳಾಡಿತು. ಈ ಬಳ್ಳಿಯ ವಾಸನೆ ಎಂದರೆ ಬೆಕ್ಕುಗಳಿಗೆ ಹುಚ್ಚಂತೆ. ಅಕ್ಕ ಮೂರಕ್ಕೂ ತಂತಿಯ ಬಲೆ ಸುತ್ತಿದರು. ಬೆಕ್ಕು ಬಲೆಯ ಹೊರಗೆ ಕೂತು ದಿನವಿಡೀ ಗೋಳಾಡುತ್ತಿತ್ತು.

ಹಂದರ ಹಾಕಿದವರು ವೀರೇಂದ್ರಣ್ಣ. ಬಳ್ಳಿ ಭಾರ ಬರುತ್ತದೆ, ಗಟ್ಟಿ ಆಸರೆ ಬೇಕು ಎಂದು ನರ್ಸರಿಯವನು ಹೇಳಿದ್ದನ್ನು ಅವರು ಮನಸ್ಸಿಗೆ ಹಚ್ಚಿಕೊಂಡುಬಿಟ್ಟಿದ್ದರು. ದಪ್ಪ ಕಂಬ ಹೂಳಿ, ಗುಜರಿಗೆ ಹೋಗಬೇಕಿದ್ದ ಹಳೆಯ ಲಿಫ್ಟಿನ ಉಕ್ಕಿನ ಹಗ್ಗವನ್ನು ಕೇಳಿ ತಂದು ಅಡ್ಡಡ್ಡ ಎಳೆದು ಕಟ್ಟಿದರು. ಆ ಹಂದರಕ್ಕೆ ಎಂಟು ಜನ ಜೋತುಬಿದ್ದರೂ ಏನೂ ಆಗುತ್ತಿರಲಿಲ್ಲ. ನಾವು ನಕ್ಕೆವು. ಅವರೂ ನಕ್ಕರು, ಹಗ್ಗ ಮಾತ್ರ ಬಿಚ್ಚಲಿಲ್ಲ.

ಮೂರನೆಯ ವಸಂತದಲ್ಲಿ, ಅಂದರೆ ಇಲ್ಲಿಯ ನವೆಂಬರಿನಲ್ಲಿ, ಮೂರೂ ಬಳ್ಳಿಗಳು ಹೂ ಬಿಟ್ಟವು. ಎಲೆಯ ಕೆಳಗೆ ಸಣ್ಣ ಸಣ್ಣ ಬಿಳಿ ಹೂವು, ನಡುವೆ ಕಪ್ಪು ಚುಕ್ಕಿಗಳ ಗೊಂಚಲು, ತೆಳ್ಳಗಿನ ಪರಿಮಳ. ಅಳಿಯ ಅಂತೂ ಮೈತುಂಬ ಹೂ ಹೊತ್ತು ನಿಂತಿದ್ದ. ಅಕ್ಕ ಹೆಣ್ಣು ಬಳ್ಳಿಗಳ ಹೂವನ್ನು ಯಾರಿಗೂ ಮುಟ್ಟಗೊಡಲಿಲ್ಲ. ಅದರ ಕೆಳಗೆ ನಿಂತು ಗಟ್ಟಿಯಾಗಿ ಸೀನಿದ್ದಕ್ಕೆ ನನಗೇ ಬೈಗುಳ ಬಿತ್ತು. ಒಂದೊಂದು ಹೂವೂ ಒಂದೊಂದು ಹಣ್ಣು ಎಂದು ಅವರ ಲೆಕ್ಕ. ಅಳಿಯನ ಹೂವನ್ನು ಮಾತ್ರ ದಿನಾ ಬೆಳಿಗ್ಗೆ ಸ್ನಾನ ಮಾಡಿ, ಏಣಿ ಹಾಕಿ, ಬುಟ್ಟಿ ತುಂಬ ಹರಿದು ತಂದು ಲಿಂಗಪೂಜೆಗೆ ಏರಿಸುತ್ತಿದ್ದರು. ಊರಿನಲ್ಲಿ ಕುಂಬಳದ ಬಳ್ಳಿಯ ಗಂಡು ಹೂವನ್ನು ಹರಿದು ಪಲ್ಯ ಮಾಡುವುದು ನಮಗೆಲ್ಲ ಗೊತ್ತಿದ್ದದ್ದೇ. ಅದು ಹೇಗೂ ಕಾಯಿ ಕಟ್ಟುವುದಿಲ್ಲ, ಹರಿದರೆ ಬಳ್ಳಿಗೆ ನಷ್ಟವಿಲ್ಲ. ಹಣ್ಣು ಕೊಡದ ಅಳಿಯ ದೇವರ ಕೆಲಸಕ್ಕಾದರೂ ಬರಲಿ ಎಂದು ಅಕ್ಕ ಒಂದು ಮೊಗ್ಗನ್ನೂ ಬಿಡುತ್ತಿರಲಿಲ್ಲ. ಹೆಚ್ಚಾದದ್ದು ಡಬ್ಬಿಯಲ್ಲಿ ನಮ್ಮ ಮನೆಯ ದೇವರಿಗೂ ಬರುತ್ತಿತ್ತು. ಮೆಲ್ಬರ್ನಿನಲ್ಲಿ ದೇವರಿಗೆ ಬಿಡಿ ಹೂವು ಸಿಗುವುದೇ ಅಪರೂಪ. ನಾನು ಖುಷಿಯಿಂದ ತೆಗೆದುಕೊಳ್ಳುತ್ತಿದ್ದೆ.

ಆ ವರ್ಷ ಹಣ್ಣಾಗಲಿಲ್ಲ. ಹೆಣ್ಣು ಬಳ್ಳಿಗಳ ಹೂವೆಲ್ಲ ಒಣಗಿ ಉದುರಿತು. ಎಳೆಯ ಬಳ್ಳಿ, ಮೊದಲ ಹೂವು, ಇರಲಿ ಎಂದುಕೊಂಡೆವು. ಮರುವರ್ಷವೂ ಆಗಲಿಲ್ಲ. ಅದರ ಮರುವರ್ಷವೂ ಅದೇ ಕಥೆ. ರುದ್ರಾಣಿ ಅಕ್ಕ ಆ ಎರಡು ಹೆಣ್ಣು ಬಳ್ಳಿಗಳ ಬುಡ ಕೆದರಿ ಗೊಬ್ಬರ ಹಾಕಿದರು, ಬೂದಿ ಹಾಕಿದರು, ಹುಳಿ ಮಜ್ಜಿಗೆ ಹಾಕಿದರು. ಆಗ ಮೆಲ್ಬರ್ನಿನಲ್ಲಿ ನೀರಿನ ಬಳಕೆಗೆ ಕಟ್ಟುನಿಟ್ಟಿನ ನಿರ್ಬಂಧ ಬಂದಿತ್ತು. ಸ್ನಾನದ ನೀರನ್ನು ಬಕೀಟಿನಲ್ಲಿ ಹಿಡಿದು ಹೊತ್ತು ಹಾಕಿದರು. ಒಂದು ಅಮಾವಾಸ್ಯೆ ನಾನೇ ನಿಂತು ಎರಡಕ್ಕೂ ಮೆಣಸಿನಕಾಯಿ, ಉಪ್ಪು ನಿವಾಳಿಸಿ ದೃಷ್ಟಿ ತೆಗೆದೆ. ನರ್ಸರಿಯವನಿಗೆ ಫೋನ್ ಮಾಡಿದರೆ, ಗಂಡು ಬಳ್ಳಿ ಬದುಕಿದೆಯಾ, ಹೂ ಬಿಡುತ್ತಿದೆಯಾ ಎಂದಷ್ಟೇ ಕೇಳಿದ. ಬೇಕಾದಷ್ಟು ಬಿಡುತ್ತಿದೆ ಎಂದು ಅಕ್ಕ ಹೇಳಿದರು. ಹಾಗಾದರೆ ತಾಳ್ಮೆಯಿರಲಿ ಎಂದ.

ಎರಡು ಸಾವಿರದ ಎಂಟರ ನವೆಂಬರಿನಲ್ಲಿ ತಮ್ಮ ಸ್ವಂತ ತಂಗಿಯ ಮಗಳ ಮದುವೆಗೆಂದು ಅಕ್ಕ ಒಬ್ಬರೇ ಊರಿಗೆ ಹೋದರು. ವೀರೇಂದ್ರಣ್ಣನಿಗೆ ರಜೆ ಸಿಗಲಿಲ್ಲ. ಅಕ್ಕ ಡಿಸೆಂಬರ್ ಕೊನೆಗೆ ವಾಪಸು ಬಂದು, ಸೂಟ್‌ಕೇಸನ್ನೂ ಬಿಚ್ಚದೆ ಹಿತ್ತಲಿಗೆ ಹೋದವರು ಅಲ್ಲಿಂದಲೇ ನನಗೆ ಫೋನ್ ಮಾಡಿದರು. ಓಡಿಹೋಗಿ ನೋಡಿದರೆ ಅಕ್ಕ-ತಂಗಿ ಬಳ್ಳಿಗಳೆರಡರ ಮೈಯಲ್ಲೂ ಹಸಿರು ಕಾಯಿಗಳು ಜೋತುಬಿದ್ದಿದ್ದವು. ಅಕ್ಕ ಹಂದರದ ಕೆಳಗೆ ನಿಂತು ಅಳುತ್ತಾ ನಗುತ್ತಿದ್ದರು.

ಆ ಖುಷಿ ಬಹಳ ದಿನ ಉಳಿಯಲಿಲ್ಲ. ನಮ್ಮ ಜನಕ್ಕೆ ಒಂದು ಮಾತು ಸಿಕ್ಕಿದರೆ ಸಾಕಲ್ಲ. ನೀವು ಊರಿಗೆ ಹೋಗುವುದನ್ನೇ ಬಳ್ಳಿ ಕಾಯುತ್ತಿತ್ತು ನೋಡಿ ಎಂದು ಸಂಕ್ರಾಂತಿಯ ಊಟದಲ್ಲಿ ಯಾರೋ ತಮಾಷೆ ಮಾಡಿದರು. ಎಲ್ಲರೂ ನಕ್ಕರು, ಅಕ್ಕನೂ ನಕ್ಕರು. ಎರಡನೆಯ ಸಲವೂ ನಕ್ಕರು. ನಾಲ್ಕನೆಯ ಸಲ ಯಾರೋ ಅದೇ ಮಾತು ಹೇಳಿದಾಗ ಅವರು ನಗಲಿಲ್ಲ. ಅದಾದ ಮೇಲೆ ಹೊಸದಾಗಿ ಬಂದ ಒಂದು ಮನೆಯವರು ಕರಿಬೇವು ನೆಡಲು ಕರೆದರೆ, ನನ್ನ ಕೈ ಬೇಡ, ಬೇರೆಯವರನ್ನು ಕರೆಯಿರಿ ಎಂದುಬಿಟ್ಟರಂತೆ.

ಆ ಹೊತ್ತಿಗೆ ಕೃಪಾ ಬಸುರಿ. ಬೆಂಗಳೂರಿನ ಹುಡುಗಿ. ಓದಲು ಬಂದವಳು ಇಲ್ಲೇ ಕೆಲಸ ಹಿಡಿದು, ನಮ್ಮ ಧಾರವಾಡದ ಪ್ರಮೋದನನ್ನು ಮದುವೆಯಾಗಿದ್ದಳು. ತಾಯಿ ಇಲ್ಲದ ಅವಳಿಗೆ ರುದ್ರಾಣಿ ಅಕ್ಕನೆಂದರೆ ಪ್ರಾಣ. ಕುಬಸವನ್ನು ಅಕ್ಕನ ಹಿತ್ತಲಿನ ಹಂದರದ ಕೆಳಗೇ ಮಾಡಬೇಕು, ಮೊದಲ ಉಡಿ ಅಕ್ಕನೇ ತುಂಬಬೇಕು ಎಂದು ಅವಳು ಮೊದಲೇ ಹೇಳಿಟ್ಟಿದ್ದಳು. ಮಾರ್ಚಿನ ಒಂದು ಭಾನುವಾರ ಗೊತ್ತುಮಾಡಿ ಎಲ್ಲರಿಗೂ ಹೇಳಿಯೂ ಆಗಿತ್ತು.

ಫೆಬ್ರವರಿಯಲ್ಲಿ ಪ್ರಮೋದನ ತಾಯಿ ಭಾಗೀರಥಿಯವರು ಸೊಸೆಯ ಬಾಣಂತನಕ್ಕೆಂದು ಧಾರವಾಡದ ಸಪ್ತಾಪುರದಿಂದ ಬಂದಿಳಿದರು. ಕೆಟ್ಟವರಲ್ಲ. ಬಾಯಿ ತುಂಬ ಮಾತು, ಕೈ ತುಂಬ ಕೆಲಸ, ಬರುವಾಗಲೇ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಹೊತ್ತು ತಂದು ನಮಗೆಲ್ಲ ಹಂಚಿದವರು. ಆದರೆ ಬಂದ ವಾರದೊಳಗೆ ಎಲ್ಲರ ಮನೆಯ ಪುರಾಣವನ್ನೂ ಕೇಳಿ ತಿಳಿದುಕೊಂಡಿದ್ದರು. ಮಕ್ಕಳಾಗದ ಕೈ, ಬಳ್ಳಿಯೂ ಅವಳು ಆಚೆ ಹೋದ ಮೇಲೆಯೇ ಕಾಯಿ ಬಿಟ್ಟಿದೆ, ಮೊದಲ ಉಡಿ ಮಾತ್ರ ಅವಳಿಂದ ಬೇಡ ಎಂದು ಸೊಸೆಗೆ ಮೆತ್ತಗೆ ಹೇಳಿದರಂತೆ. ಕೃಪಾ ನನಗೆ ಫೋನ್ ಮಾಡಿ ಅತ್ತಳು. ನಾನು ಚಪ್ಪಲಿ ಮೆಟ್ಟಿಕೊಂಡು ಜಗಳಕ್ಕೆ ಹೊರಟೇಬಿಟ್ಟೆ. ದಾರಿಯಲ್ಲಿ ಅಕ್ಕನ ಮನೆಗೆ ಹೋಗಿ ವಿಷಯ ಹೇಳಿದ್ದೇ ತಪ್ಪಾಯಿತು. ಅಕ್ಕ ನನ್ನನ್ನು ಕೂರಿಸಿ ಚಹಾ ಕೊಟ್ಟು, ಹುಡುಗಿಗೆ ಒಳ್ಳೆಯದಾಗಲಿ, ಯಾರು ತುಂಬಿದರೇನು ಎಂದರು. ತಾವು ಒಳಗೆ ಹೋಳಿಗೆ ನೋಡಿಕೊಳ್ಳುವುದಾಗಿ ಹೇಳಿದರು. ಊರಿನಲ್ಲಿ ಯಾರೋ ಹೇಳಿ ಒಳಗೆ ಕಳಿಸಿದ್ದರು, ಇಲ್ಲಿ ತಾವಾಗಿಯೇ ಹೊರಟಿದ್ದರು. ವೀರೇಂದ್ರಣ್ಣ ಮೂಲೆಯಲ್ಲಿ ಪೇಪರು ಓದುತ್ತಿದ್ದರು. ತಲೆ ಎತ್ತಲಿಲ್ಲ, ಪುಟವನ್ನೂ ತಿರುವಲಿಲ್ಲ.

ಕುಬಸದ ದಿನ ಹಂದರದ ತುಂಬ ಹಣ್ಣು. ಕೃಪಾ ಹಸಿರು ಸೀರೆ ಉಟ್ಟು, ಹಸಿರು ಬಳೆ ತೊಟ್ಟು ಅದರ ಕೆಳಗೆ ಕೂತಿದ್ದಳು. ಪ್ರಮೋದ ಒಂದು ಬೋಗುಣಿ ಹಣ್ಣು ಬಿಡಿಸಿ ಎಲ್ಲರಿಗೂ ಕೊಟ್ಟ. ಭಾಗೀರಥಿಯವರು ಅನುಮಾನದಿಂದಲೇ ಒಂದನ್ನು ಬಾಯಿಗೆ ಹಾಕಿಕೊಂಡರು, ಆಮೇಲೆ ಬೋಗುಣಿಯನ್ನೇ ತಮ್ಮ ಕಡೆ ಎಳೆದುಕೊಂಡರು. ಕುರ್ಚಿ ಹೊತ್ತು ತರುತ್ತಿದ್ದ ವೀರೇಂದ್ರಣ್ಣನನ್ನು ನಿಲ್ಲಿಸಿ, ಹೆಂಡತಿ ಇಲ್ಲದಾಗ ಬಳ್ಳಿಗೆ ಏನು ಹಾಕಿದಿರಿ ಎಂದು ವಿಚಾರಿಸಿದರು. ಸ್ನಾನದ ನೀರು ಬಿಟ್ಟರೆ ಏನೂ ಇಲ್ಲ ಎಂದರು ವೀರೇಂದ್ರಣ್ಣ. ಪೂಜೆ ಯಾರು ಮಾಡುತ್ತಿದ್ದರು ಎಂದು ಭಾಗೀರಥಿಯವರು ಬಿಡದೆ ಕೇಳಿದರು.

"ದೀಪ ಹಚ್ಚತಿದ್ನಿರಿ. ಹೂ ಹರಿಯೂದು ನನ್ನ ಕೈಲೆ ಆಗೂದಿಲ್ರಿ. ದಿನಾ ಲಿಫ್ಟಿನಾಗ ಏಣಿ ಹತ್ತತೀನಿ, ಮನ್ಯಾಗೂ ಹತ್ತಲೇನು?"

ಹೋಳಿಗೆಯ ತಟ್ಟೆ ಹಿಡಿದು ಬಾಗಿಲಿಗೆ ಬಂದಿದ್ದ ಅಕ್ಕ ಅಲ್ಲೇ ನಿಂತರು.

"ಅಳಿಯನ ಹೂ ಹರೀಲೇ ಇಲ್ಲೇನ್ರಿ ನೀವು?"

ಒಂದನ್ನೂ ಹರಿದಿಲ್ಲ, ಇಡೀ ತಿಂಗಳು ಜೇನುಹುಳಗಳು ಆ ಬಳ್ಳಿಯಿಂದ ಈ ಬಳ್ಳಿಗೆ ಓಡಾಡುತ್ತಿದ್ದವು ಎಂದರು ವೀರೇಂದ್ರಣ್ಣ. ಕೃಪಾ ತಲೆಯ ಮೇಲೆ ಕೈ ಹೊತ್ತುಕೊಂಡಳು. "ಆಂಟಿ, ಪಾಲಿನೇಷನ್! ಅಷ್ಟು ವರ್ಷ ಪರಾಗ ಎಲ್ಲಾ ನೀವೇ ಕಿತ್ಕೊಂಡು ಹೋಗ್ತಿದ್ರಿ" ಎಂದಳು. ಅಕ್ಕ ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಮೆಟ್ಟಿಲ ಮೇಲೆ ಕೂತರು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗಲು ಶುರುಮಾಡಿದರು. ಅಯ್ಯೋ ಶಿವನೇ, ನನ್ನ ಹಣ್ಣೆಲ್ಲ ನೀನೇ ತಿಂದೆಯಲ್ಲೋ ಎಂದು ದೇವರನ್ನೇ ತರಾಟೆಗೆ ತೆಗೆದುಕೊಂಡರು. ಹಿತ್ತಲೆಲ್ಲ ನಗು. ಡಬ್ಬಿಗಟ್ಟಲೆ ಹೂ ತೆಗೆದುಕೊಂಡಿದ್ದ ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಭಾಗೀರಥಿಯವರಿಗಂತೂ ನಕ್ಕು ನಕ್ಕು ಕೆಮ್ಮು ಬಂತು.

ಕೆಮ್ಮು ನಿಂತ ಮೇಲೆ ಅವರು ಅಕ್ಕಿಯ ತಾಟು ಎತ್ತಿಕೊಂಡರು. ಬಳ್ಳಿಯ ಮಾತು ಮುಗಿಯಿತಲ್ಲ, ಇನ್ನು ಉಡಿ ತುಂಬೋಣ ಎಂದು, ಮೊದಲು ಯಾರನ್ನು ಕರೆಯಲಿ ಎಂದು ಸುತ್ತ ನೋಡಿದರು. ಅವರ ಕಣ್ಣು ಅಕ್ಕನ ಮೇಲೆ ಹಾದು, ನಿಲ್ಲದೆ, ಎರಡು ಮಕ್ಕಳ ತಾಯಿಯಾದ ನನ್ನ ಮೇಲೆ ಬಂದು ನಿಂತಿತು. ಬಳ್ಳಿಯ ಅಪವಾದ ಕಳೆದಿತ್ತು, ಅಕ್ಕನದು ಕಳೆದಿರಲಿಲ್ಲ. ಅಕ್ಕ ನಗುತ್ತಲೇ ಎದ್ದು ಒಳಗೆ ಹೊರಟರು. ನಾನು ತುಂಬುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ವೀರೇಂದ್ರಣ್ಣ ಕೈಯಲ್ಲಿದ್ದ ಕುರ್ಚಿ ಕೆಳಗಿಟ್ಟರು.

"ಅವ್ವಾರ, ಮೂರು ವರ್ಷ ನಾವೆಲ್ಲಾ ಹೆಣ್ಣು ಬಳ್ಳೀನ ನೋಡಿದ್ವಿ. ಬುಡ ಕೆದರಿದ್ವಿ, ಗೊಬ್ಬರ ಹಾಕಿದ್ವಿ, ದೃಷ್ಟಿ ತಗದ್ವಿ. ಗಂಡು ಬಳ್ಳಿ ಕಡೆ ಯಾರೂ ಹೊಳ್ಳಿ ನೋಡಲಿಲ್ಲ. ನಮ್ಮ ಮನ್ಯಾಗೂ ಹಂಗ ಆಗೇತ್ರಿ. ಇಕೀದು ಏನೂ ಇಲ್ಲ. ಕೊರತಿ ಇದ್ದದ್ದು ನನ್ನಾಗ. ಡಾಕ್ಟರ್ ಹೇಳಿ ಭಾಳ ವರ್ಷ ಆತು."

ಅವರ ಬಾಯಿಂದ ಅಷ್ಟು ಮಾತನ್ನು ನಾನು ಎಂದೂ ಕೇಳಿರಲಿಲ್ಲ. ಅಕ್ಕ ಬಾಗಿಲಲ್ಲಿ ತಿರುಗಿ ನಿಂತು, "ಯಾರ ಮುಂದೂ ಹೇಳಬ್ಯಾಡ್ರಿ ಅಂತ ನಾ ಆಣಿ ಹಾಕಿದ್ನಲ್ಲರಿ" ಎಂದರು. ಇಷ್ಟು ವರ್ಷ ಗಂಡನ ಮರ್ಯಾದೆಯನ್ನು ತಮ್ಮ ಹೆಸರಿನ ಕೆಳಗೆ ಬಚ್ಚಿಟ್ಟುಕೊಂಡಿದ್ದವರು ಇವರು ಎಂದು ನನಗೆ ಆಗ ತಿಳಿಯಿತು.

"ಇಷ್ಟು ವರ್ಷ ನಿನ್ನ ಮಾತು ಕೇಳೀನಿ. ಇವತ್ತು ಕೇಳೂದಿಲ್ಲ" ಎಂದರು ವೀರೇಂದ್ರಣ್ಣ. ಹೇಳಿ, ಕುರ್ಚಿ ಎತ್ತಿಕೊಂಡು ಇಡಬೇಕಾದ ಜಾಗದಲ್ಲಿ ಇಟ್ಟು ಬಂದರು.

ಭಾಗೀರಥಿಯವರು ಕೈಯಲ್ಲಿದ್ದ ತಾಟನ್ನು ನೋಡಿದರು, ಅಕ್ಕನನ್ನು ನೋಡಿದರು. ಅವರ ಕಣ್ಣಲ್ಲೂ ನೀರು ಬಂದಿತ್ತು.

"ಹಂಗಾದ್ರ ಈ ಅಕ್ಕಿ ಹಿಡಕೊಂಡು ನಾ ಯಾಕ ನಿಂತೀನಿ? ಬಾರವಾ ರುದ್ರಾಣಿ, ನೀನ ತುಂಬು" ಎಂದರು.

ಅಕ್ಕ ಬಂದರು. ಕೃಪಾ ಸೆರಗು ಒಡ್ಡಿದಳು. ತೆಂಗಿನಕಾಯಿ, ಅಡಿಕೆ, ಅರಿಸಿನದ ಕೊಂಬು ಇಟ್ಟು, ಐದು ಹಿಡಿ ಅಕ್ಕಿ ಹಾಕುವುದು ಪದ್ಧತಿ. ಅಕ್ಕ ಒಂದು ಹಿಡಿ ಹಾಕಿದರು, ಇನ್ನೊಂದು ಹಾಕಿದರು. ಕಣ್ಣು ಮಂಜಾಗಿ ಎಣಿಕೆ ಎಲ್ಲಿ ತಪ್ಪಿತೋ, ಸೆರಗು ಭಾರವಾಗಿ ಕೃಪಾ ಎರಡೂ ಕೈಯಲ್ಲಿ ಹಿಡಿದುಕೊಂಡರೂ ಹಾಕುತ್ತಲೇ ಇದ್ದರು. ನಾವು ಯಾರೂ ಸಾಕು ಎನ್ನಲಿಲ್ಲ.